ಪಕ್ಕದ ಮನೆಯ ಫುಲ್ ಬ್ಯಾಕ್

ದಾಂಡೇಲಿಗೆ ಬಂದ ಮೇಲೆ ನನಗೆ ಮೊಟ್ಟಮೊದಲು ಹೊಟ್ಟೆಕಿಚ್ಚಾದದ್ದು ಪಕ್ಕದ ಮನೆಯವರ ಕೊಳೆ ಅಂಗಿಯೊಂದನ್ನು ನೋಡಿ. ಬಂಗಾರದ ಸರ ನೋಡಿ ಆಗಿದ್ದರೆ ತವರಿಗೆ ಹೋದಾಗ ಅವ್ವನ ಮುಂದೆ ಹೇಳಿಕೊಳ್ಳಬಹುದಿತ್ತು. ಕೊಳೆ ಅಂಗಿಯ ಸಂಕಟವನ್ನು ಯಾರ ಮುಂದೆ ಹೇಳುವುದು?

ಅರವತ್ತರ ದಶಕ ಅರ್ಧ ಕಳೆದಿತ್ತು. ಧಾರವಾಡದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು ನಾನು. ಅಳ್ನಾವರದಲ್ಲಿ ಗಾಡಿ ಬದಲಿಸಿ ದಾಂಡೇಲಿಯಲ್ಲಿ ಇಳಿದಾಗ ಕಾಗದದ ಗಿರಣಿಯ ವಾಸನೆ ಮೂಗಿಗೆ ಬಡಿದು, ಈ ಊರಲ್ಲಿ ಜನ ಊಟ ಹೇಗೆ ಮಾಡುತ್ತಾರೋ ಎಂದುಕೊಂಡಿದ್ದೆ. ಸ್ವಲ್ಪ ದಿನಕ್ಕೆ ಆ ವಾಸನೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಮ್ಮವರು ಗಿರಣಿಯಲ್ಲಿ ಬಿದಿರು ಕತ್ತರಿಸುವ ಯಂತ್ರದ ಮೇಲೆ ಕೆಲಸಕ್ಕಿದ್ದರು. ಗಿರಣಿಯವರು ಕೊಟ್ಟ ಎರಡು ಕೋಣೆಯ ಮನೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ, ಹಿತ್ತಲಲ್ಲಿ ಬಟ್ಟೆ ಒಣಹಾಕಲು ಇಬ್ಬರಿಗೂ ಸೇರಿ ಒಂದೇ ತಂತಿ.

ಆ ಪಕ್ಕದ ಮನೆಯವರು ಹಳಿಯಾಳದ ಮುಸಲ್ಮಾನರು. ಗಂಡ ಗಿರಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹೆಂಡತಿ ನನ್ನ ಓರಗೆಯವಳು. ನಾನು ಅವಳಿಗೆ ಭಾಬಿ ಅನ್ನುತ್ತಿದ್ದೆ, ಅವಳು ನನಗೆ ಅಕ್ಕಾ ಅನ್ನುತ್ತಿದ್ದಳು. ಈದಿಗೆ ಅವಳು ಹೊಸ ಪಾತ್ರೆಯಲ್ಲಿ ಖೀರು ಕಳಿಸಿದರೆ, ಪಂಚಮಿಗೆ ನಾನು ಉಂಡಿ ಕಳಿಸುತ್ತಿದ್ದೆ. ಅಷ್ಟು ಚೆನ್ನಾಗಿದ್ದೆವು. ಕೆಡಿಸಿದ್ದು ಫುಟ್‌ಬಾಲು.

ಇಬ್ಬರ ಗಂಡಂದಿರೂ ಗಿರಣಿಯ ಟೀಮಿನಲ್ಲಿದ್ದರು. ಇಬ್ಬರೂ ಫುಲ್ ಬ್ಯಾಕ್. ಆಗಿನ ಆಟದಲ್ಲಿ ಗೋಲು ಕಾಯುವ ಗೋಲಿಯ ಮುಂದೆ ಫುಲ್ ಬ್ಯಾಕ್ ಎಂದು ನಿಲ್ಲುತ್ತಿದ್ದವರು ಇಬ್ಬರೇ. ನಮ್ಮವರು ಬಲಗಡೆ, ಅವರು ಎಡಗಡೆ. ಅವರಿಬ್ಬರನ್ನು ದಾಟಿ ಚೆಂಡು ಹೋಯಿತೆಂದರೆ ಆಮೇಲೆ ಗೋಲಿ ಒಬ್ಬನೇ. ಮೈದಾನ ನಮ್ಮ ಮನೆಗಳ ಎದುರಿಗೇ ಇದ್ದರೂ ನಡುವೆ ರಸ್ತೆಯೂ ಬಿದಿರಿನ ಲಾರಿಗಳು ನಿಲ್ಲುವ ಜಾಗವೂ ಇದ್ದವು. ನಾವು ಹೆಂಗಸರು ಕಟ್ಟೆಯ ಮೇಲೆ ಕುಳಿತು ದೂರದಿಂದಲೇ ನೋಡುತ್ತಿದ್ದೆವು.

ಪಕ್ಕದ ಮನೆಯವರು ಓಡಿದರೆ ಮೈದಾನಕ್ಕೆ ಮೈದಾನವೇ ಎದ್ದು ನಿಲ್ಲುತ್ತಿತ್ತು. ತೆಳ್ಳಗಿನ ಮೈ, ಉದ್ದ ಕಾಲು. ಎದುರಿನವನು ಚೆಂಡು ತೆಗೆದುಕೊಂಡು ಮುಂದೆ ಹೋಗಿಬಿಟ್ಟ, ಇನ್ನು ಗೋಲು ಆದಂತೆಯೇ ಅನ್ನುವಷ್ಟರಲ್ಲಿ ಹಿಂದಿನಿಂದ ಬಂದು, ಜಾರಿ, ಚೆಂಡನ್ನು ರಸ್ತೆಗೆ ಒದೆಯುತ್ತಿದ್ದರು. “ಮೇಲ್ ಗಾಡಿ ಬಂತೋ!” ಎಂದು ಜನ ರೈಲು ಕಂಡವರ ಹಾಗೆ ಕೂಗುತ್ತಿದ್ದರು. ಭಾಬಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನೂ ನಗಬೇಕಾಗುತ್ತಿತ್ತು.

ನಮ್ಮವರ ಹೆಸರನ್ನು ಹಿಡಿದು ಯಾರೂ ಕೂಗಿದ್ದನ್ನು ನಾನು ಕೇಳಲಿಲ್ಲ. ಅವರು ಓಡುತ್ತಲೇ ಇರಲಿಲ್ಲ. ಮೈಯೂ ಸ್ವಲ್ಪ ಭಾರ. ಸಂತೆಯಲ್ಲಿ ಯಾರಿಗೋ ಕಾದು ನಿಂತವರ ಹಾಗೆ ನಿಂತಿರುತ್ತಿದ್ದರು; ನಾಲ್ಕು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ. ಚೆಂಡು ತಾನಾಗಿ ಕಾಲಿಗೆ ಬಂದಂತೆ ಬರುತ್ತಿತ್ತು, ಮೆಲ್ಲಗೆ ತಮ್ಮವರಿಗೆ ತಳ್ಳುತ್ತಿದ್ದರು. ಆಟ ಮುಗಿದ ಮೇಲೆ ಭಾಬಿ ತೊಳೆಯುವ ಅಂಗಿ ಕೆಂಪು ಮಣ್ಣಲ್ಲಿ ಅದ್ದಿ ತೆಗೆದ ಹಾಗಿರುತ್ತಿತ್ತು. ಮೊಣಕೈ ಹತ್ತಿರ ಹುಲ್ಲಿನ ಹಸಿರು, ಬೆನ್ನಿಗೆ ಕೆಸರು. “ಈ ಕಲೆ ಹೋಗೂದೇ ಇಲ್ಲ ನೋಡ್ರಿ ಅಕ್ಕಾ, ಸಾಕಾಗಿ ಹೋತು” ಎಂದು ಅವಳು ದೂರುವ ದನಿಯಲ್ಲಿ ಹೇಳುವಾಗ ಅದು ದೂರಲ್ಲವೆಂದು ನನಗೆ ತಿಳಿಯುತ್ತಿತ್ತು. ನಮ್ಮವರ ಅಂಗಿಯನ್ನು ಒಮ್ಮೆ ನೀರಲ್ಲಿ ಜಾಲಿಸಿದರೆ ಮುಗಿಯಿತು. ಒಂದೇ ತಂತಿಯ ಮೇಲೆ ಎರಡೂ ಅಂಗಿ ಪಕ್ಕಪಕ್ಕ ತೂಗುವಾಗ, ನಮ್ಮದು ಆಟಕ್ಕೆ ಹೋಗಿಯೇ ಇಲ್ಲವೇನೋ ಎಂಬಂತೆ ಕಾಣುತ್ತಿತ್ತು.

ಒಂದು ಸಲ ಹಳಿಯಾಳದಲ್ಲಿ ಪಂದ್ಯವಾಯಿತು. ಟೀಮಿನವರು ಲಾರಿಯಲ್ಲಿ ಹೋಗಿ ಗೆದ್ದು ಬಂದರು. ಪಕ್ಕದ ಮನೆಯವರ ಕೊರಳಲ್ಲಿ ಚೆಂಡುಹೂವಿನ ಮಾಲೆ. ಅವರ ಸ್ವಂತ ಊರಿನವರೇ, ತಮ್ಮ ಟೀಮನ್ನು ಸೋಲಿಸಿದರೂ ಹಾಕಿದ್ದಂತೆ. ಭಾಬಿ ಅದನ್ನು ಬಾಗಿಲಿಗೆ ತೂಗುಹಾಕಿದಳು. ಬಾಡಿ ಉದುರುವವರೆಗೂ ನಾನು ನೀರಿಗೆ ಹೋಗುವಾಗ, ಬರುವಾಗ ಅದನ್ನು ನೋಡಬೇಕಾಯಿತು.

ನಮ್ಮವರಿಗೆ ರೊಟ್ಟಿ ಬಡಿಸುತ್ತ ಕೇಳಿದೆ. “ನೀವೇನ್ ಮಾಡಿದ್ರಿ ಅಲ್ಲೆ?”

“ನಿಂತಿದ್ದೆ.”

“ಬರೇ ನಿಂತಿದ್ರಿ?”

“ಹೂಂ. ನಾ ನಿಂತ ಕಡೆ ಅವರು ಬರಲೇ ಇಲ್ಲ. ಅತ್ತಾಗ ಹೋದ್ರು, ಅಲ್ಲಿ ಅಂವ ಇದ್ದ.”

“ನೀವೂ ಒಂದೀಟು ಓಡಿದ್ರ ಏನಾಗ್ತೈತ್ರಿ? ಮಂದಿ ನೋಡ್ತಾರ.”

ಅವರು ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದರು. “ಓಡೂದು ತಡಾ ಮಾಡಿದಾವರ ಕೆಲಸ” ಅಂದರು. ಊಟದ ಹೊತ್ತಿಗೆ ಅವರಿಂದ ಅಷ್ಟು ಮಾತು ಬಂದದ್ದೇ ಹೆಚ್ಚು. ನಮ್ಮವರು ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ಬೈದವರಲ್ಲ. ಆದರೆ ಮಾತು ಎನ್ನುವುದನ್ನು ಎಲ್ಲೋ ಇಟ್ಟು ಮರೆತವರ ಹಾಗಿದ್ದರು. ಉಪ್ಪು ಬೇಕಾದರೆ ಉಪ್ಪಿನ ಕಡೆ ನೋಡುತ್ತಿದ್ದರು, ನಾನು ತಿಳಿದು ಕೊಡುತ್ತಿದ್ದೆ.

ಆದರೂ ಹಟ ಹಿಡಿದು ಕೇಳಿದೆ, ಚೆಂಡು ಎಲ್ಲಿ ಬರುತ್ತದೆಂದು ಮೊದಲೇ ಹೇಗೆ ತಿಳಿಯುತ್ತದೆ ಎಂದು. ರೊಟ್ಟಿ ತಟ್ಟೆಯಲ್ಲಿಟ್ಟು ಹೇಳಿದರು. “ಚೆಂಡ ನೋಡಬಾರ್ದು. ಕಣ್ಣೂ ನೋಡಬಾರ್ದು, ಕಣ್ಣು ಸುಳ್ಳು ಹೇಳ್ತಾವು. ಸೊಂಟಾ ನೋಡಬೇಕು. ಸೊಂಟ ಯಾ ಕಡೆ ತಿರಗತೈತಿ, ಮನಷ್ಯಾ ಆ ಕಡೇನ ಹೋಗಾಂವ.”

ಈ ವಿದ್ಯೆಯನ್ನು ನಾನು ನಳದ ಕಟ್ಟೆಯಲ್ಲಿ ಪ್ರಯೋಗಿಸಿದೆ. ಯಾರು ಸಾಲು ಮುರಿದು ಕೊಡ ಇಡಲು ನುಗ್ಗುತ್ತಾರೆ ಎಂಬುದು ಅವರ ಸೊಂಟ ನೋಡಿದರೆ ನಿಜಕ್ಕೂ ತಿಳಿಯುತ್ತಿತ್ತು. ಅವರಿಗಿಂತ ಒಂದು ಗಳಿಗೆ ಮೊದಲು ನನ್ನ ಕೊಡ ನಳದ ಕೆಳಗಿರುತ್ತಿತ್ತು. ನಮ್ಮವರ ಬುದ್ಧಿಯ ಬಗ್ಗೆ ನನಗೆ ಅಭಿಮಾನ ಹುಟ್ಟಿದ್ದು ಅಲ್ಲಿ, ಮೈದಾನದಲ್ಲಲ್ಲ. ಆದರೆ ಅಭಿಮಾನ ಬಂದ ಮೇಲೆ ಕಿಚ್ಚು ಇನ್ನೂ ಜೋರಾಯಿತು. ಇಷ್ಟು ಬುದ್ಧಿ ಇದ್ದವರಿಗೆ ಒಂದು ಚಪ್ಪಾಳೆಯಿಲ್ಲ, ಸುಮ್ಮನೆ ಓಡುವವರಿಗೆ ಹೂವಿನ ಮಾಲೆ!

ಅದೇ ನಳದ ಹತ್ತಿರ ಒಂದು ಬೆಳಿಗ್ಗೆ ಮಾತಿಗೆ ಮಾತು ಬೆಳೆಯಿತು. ಆಚೆ ಸಾಲಿನ ಯಾರೋ ಹೆಂಗಸು ಹಿಂದಿನ ದಿನದ ಆಟ ಹೊಗಳಿದಳು, ಭಾಬಿಯ ಗಂಡನ ಓಟವನ್ನು ಹೊಗಳಿದಳು. ನಾನು ತಡೆಯಲಾರದೆ ಅಂದೆ, “ಫುಲ್ ಬ್ಯಾಕ್‌ಗೆ ಬೇಕಾದ್ದು ತಲಿ. ಎಲ್ಲಿ ನಿಂದ್ರಬೇಕು ಅನ್ನೂದು ಗೊತ್ತಿದ್ರ ಓಡೂದ್ಯಾಕ?”

ಭಾಬಿ ಕೊಡ ಕೆಳಗಿಟ್ಟಳು. “ದಿಮಾಗ್ ಒಂದ ಇದ್ರ ಏನ್ ಮಾಡೂದ್ರಿ ಅಕ್ಕಾ? ಚೆಂಡ್ ಹೋದ ಮ್ಯಾಲೆ ದಿಮಾಗ್ ಅದರ ಹಿಂದ ಓಡಿ ತರ್ತೈತೇನು? ಕಾಲ್ ಬೇಕ್ರಿ, ಕಾಲು!”

“ಕಾಲು ದನಕ್ಕೂ ಇರ್ತಾವ ಭಾಬಿ. ಅವೂ ಓಡ್ತಾವು.”

 ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋದಳು. ಆವತ್ತಿನಿಂದ ಮಾತು ನಿಂತಿತು. ತಂತಿಯ ಆ ತುದಿಗೆ ಅವಳ ಬಟ್ಟೆ, ಈ ತುದಿಗೆ ನನ್ನದು, ನಡುವೆ ಬರೀ ಜಾಗ. ತಮಾಷೆಯೆಂದರೆ ಗಂಡಸರಿಗೆ ಇದು ಗೊತ್ತೇ ಆಗಲಿಲ್ಲ. ಗಿರಣಿಯ ಭೋಂಗಾ ಕೂಗಿದ ಕೂಡಲೇ ಇಬ್ಬರೂ ಒಂದೇ ಸೈಕಲ್ಲಿನ ಮೇಲೆ ಹೋಗುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹುಡುಗರ ಟೀಮು ದಾಂಡೇಲಿಗೆ ಆಡಲು ಬಂತು. ಅವರು ಆ ಕಡೆಗೆ ಬಂದು ನೆಲೆಸಿ ಇನ್ನೂ ಬಹಳ ದಿನವಾಗಿರಲಿಲ್ಲ. ಕಾಡು ಕಡಿದು ಗೋವಿನಜೋಳ ಹಾಕುತ್ತಿದ್ದಾರಂತೆ, ನಮ್ಮ ಸೆಕೆ ಅವರಿಗೆ ತಡೆಯುವುದಿಲ್ಲವಂತೆ ಎಂದು ಊರಲ್ಲಿ ಮಾತು. ಅವರನ್ನು ನೋಡಬೇಕೆಂದೇ ಅರ್ಧ ಊರು ಮೈದಾನಕ್ಕೆ ಬಂದಿತ್ತು. ಲಾರಿಯಿಂದ ಹುಡುಗರು ನಗುತ್ತ ಧುಮುಕಿದರು. ಅವರ ಜೊತೆ ಬಂದ ಒಂದಿಬ್ಬರು ಮುದುಕರು ಗೆರೆಯ ಪಕ್ಕದಲ್ಲಿ ಜಪಮಣಿ ಎಣಿಸುತ್ತ ಕುಳಿತರು.

ಕಟ್ಟೆಯಿಂದ ಏನೂ ಕಾಣದಷ್ಟು ಜನ ಸೇರಿದ್ದರಿಂದ ನಾವು ಹೆಂಗಸರೂ ರಸ್ತೆ ದಾಟಿ ಮೈದಾನಕ್ಕೇ ಹೋದೆವು. ನಮ್ಮ ಗೋಲಿನ ಬಾಜೂಕ್ಕೆ, ಬಿದಿರು ರಾಶಿಯ ನೆರಳಲ್ಲಿ ಜಾಗ ಸಿಕ್ಕಿತು. ಹಾಗಾಗಿ ಭಾಬಿಯೂ ನಾನೂ ಪಕ್ಕಪಕ್ಕವೇ ಕೂತುಕೊಳ್ಳಬೇಕಾಯಿತು. ಅವಳು ಆ ಕಡೆ ಮುಖ ಮಾಡಿದಳು, ನಾನು ಈ ಕಡೆ.

ಅಷ್ಟು ಹತ್ತಿರದಿಂದ ನಾನು ಆಟ ನೋಡಿದ್ದು ಅದೇ ಮೊದಲು. ನೋಡಿದ್ದಕ್ಕಿಂತ ಹೆಚ್ಚಾಗಿ, ಕೇಳಿದ್ದು ಅದೇ ಮೊದಲು.

ನಮ್ಮವರು ಮಾತಾಡುತ್ತಿದ್ದರು. ಒಂದು ಮಾತಲ್ಲ, ಎರಡಲ್ಲ, ಒಂದೇ ಸಮನೆ. “ತಮ್ಮಾ, ಒಳಗ ಬಾ… ಇನ್ನೊಂದೀಟು… ಸಾಕ್ ಸಾಕ್, ನಿಂದ್ರ ಅಲ್ಲೆ. ಅಂವನ್ನ ಬಿಡು, ಅಂವ ಆಟ ತೋರಸ್ತಾನ, ಚೆಂಡ ಕೊಡೂದು ಹಿಂದಿನಾಂವಗ. ತಡಿ… ತಡಿ… ಈಗ! ಹೋಗ್ ನನ್ ರಾಜಾ!” ಆ ‘ಈಗ’ ಎನ್ನುವುದಕ್ಕೇ ಕಾದಿದ್ದವರ ಹಾಗೆ ಪಕ್ಕದ ಮನೆಯವರು ಹಾರುತ್ತಿದ್ದರು. ಚೆಂಡು ಹಿಡಿದು ಹೊರಗೆ ಒದ್ದ ಮೇಲೆ ಜನ “ಮೇಲ್ ಗಾಡಿ!” ಎಂದು ಕೂಗಿದರೆ, ಅವರು ಜನರ ಕಡೆ ನೋಡುತ್ತಿರಲಿಲ್ಲ, ನಮ್ಮವರ ಕಡೆ ನೋಡುತ್ತಿದ್ದರು. ನಮ್ಮವರು, “ಬೆಸ್ಟ್, ನನ್ ಹುಲಿ!” ಅನ್ನುತ್ತಿದ್ದರು.

 ನನ್ ರಾಜಾ! ಇಷ್ಟು ವರ್ಷ ಸಂಸಾರ ಮಾಡಿ, ಅವರ ಬಾಯಿಂದ ನನಗೆ ಬಂದದ್ದು “ಏ” ಮತ್ತು “ಇಲ್ಲೆ ಬಾ” ಅಷ್ಟೇ. ಆ ದನಿ ನನ್ನ ಮನೆಯಲ್ಲಿ ಇರಲೇ ಇಲ್ಲ. ಮಾತು ಬಾರದ ಗಂಡಸು ಎಂದು ತಿಳಿದು ಸುಮ್ಮನಾಗಿದ್ದೆ. ಬಾರದ್ದಲ್ಲ, ಬೇರೆ ಕಡೆ ಖರ್ಚು ಮಾಡಿ ಬರುತ್ತಿದ್ದರು. ಅಲ್ಲಿಯವರೆಗೆ ನನ್ನ ಕಿಚ್ಚೆಲ್ಲ ಭಾಬಿಯ ಮೇಲಿತ್ತು. ಆ ಬಿದಿರಿನ ನೆರಳಲ್ಲಿ ಅದು ಅವಳನ್ನು ಬಿಟ್ಟು ಅವಳ ಗಂಡನ ಮೇಲೆ ಹೋಗಿ ಕುಳಿತಿತು. ಅವರ ಕಾಲಿನ ಮೇಲಲ್ಲ, ಆ ಕಾಲಿಗೆ ಸಿಗುತ್ತಿದ್ದ ಮಾತಿನ ಮೇಲೆ.

ಆಟ ಇನ್ನೂ ಮೊದಲ ಅರ್ಧದಲ್ಲಿರುವಾಗಲೇ ಟಿಬೆಟನ್ನರ ರೈಟ್ ಔಟ್, ಅಂದರೆ ನಮ್ಮ ಎಡಗಡೆಯಿಂದ ನುಗ್ಗುವವನು, ಕ್ಯಾನ್ವಾಸ್ ಬೂಟಿನ ಒಬ್ಬ ಸಣಕಲ ಹುಡುಗ, ಚೆಂಡು ಹಿಡಿದು ಬಂದ. ಪಕ್ಕದ ಮನೆಯವರು ಜೊತೆಗೇ ಓಡಿದರು. ಇಬ್ಬರೂ ಒಂದೇ ವೇಗ. ಹುಡುಗ ತಟ್ಟನೆ ನಿಂತ. ಇವರಿಗೆ ನಿಲ್ಲಲಾಗಲಿಲ್ಲ. ಮೈ ಮುಂದೆ ಹೋಯಿತು, ಎಡಗಾಲು ಒಂದು ಹೊಂಡದಲ್ಲಿ ಉಳಿಯಿತು. ಕೂಗಿದ್ದು ನಮಗೆಲ್ಲ ಕೇಳಿಸಿತು. ಆ ಹುಡುಗ ಚೆಂಡು ಬಿಟ್ಟು ಇವರ ಹತ್ತಿರವೇ ಮೊಣಕಾಲೂರಿ ಕುಳಿತು ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ.

ಭಾಬಿ ಏಳುತ್ತ ನನ್ನ ತೋಳು ಹಿಡಿದಳು. ನಾನು ಅವಳ ಸೊಂಟ ಬಳಸಿ ಎಬ್ಬಿಸಿದೆ. ಮಾತು ಬಿಟ್ಟಿದ್ದೇವೆ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ಅವರನ್ನು ನಾಲ್ಕು ಜನ ಎತ್ತಿಕೊಂಡು ಗಿರಣಿಯ ದವಾಖಾನೆಗೆ ಒಯ್ದರು, ಭಾಬಿ ಹಿಂದೆಯೇ ಹೋದಳು. ನಾನೂ ಹೋಗಬೇಕಿತ್ತು. ಆದರೆ ನಮ್ಮವರು ಇನ್ನೂ ಮೈದಾನದಲ್ಲಿದ್ದರು, ನಾನು ಉಳಿದೆ.

ಎಡಗಡೆಗೆ ಬೇರೊಬ್ಬನನ್ನು ಇಳಿಸಿದರು. ಗಟ್ಟಿ ಆಳು. ನಮ್ಮವರು ಮತ್ತೆ “ತಡಿ… ಈಗ!” ಎಂದು ಕೂಗಿದರು. ಆತ ‘ತಡಿ’ ಅಂದಾಗ ಓಡಿದ, ‘ಈಗ’ ಅಂದಾಗ ತಿರುಗಿ ನೋಡಿದ. ಸ್ವಲ್ಪ ಹೊತ್ತಿಗೆ ನಮ್ಮವರು ಕೂಗುವುದನ್ನು ಬಿಟ್ಟು ತಾವೇ ಓಡತೊಡಗಿದರು. ಚೆಂಡು ಎಲ್ಲಿ ಬೀಳುತ್ತದೆ ಎಂಬುದು ಅವರಿಗೆ ಆಗಲೂ ಗೊತ್ತಿತ್ತು. ನನಗೇ ಗೊತ್ತಾಗುತ್ತಿತ್ತು, ಆ ಹುಡುಗನ ಸೊಂಟ ನೋಡಿದರೆ ಸಾಕಿತ್ತು. ಆದರೆ ಗೊತ್ತಿದ್ದ ಜಾಗಕ್ಕೆ ಮೈ ಹೋಗಿ ಮುಟ್ಟಬೇಕಲ್ಲ? ಒಂದು ಗೋಲಾಯಿತು, ಇನ್ನೊಂದಾಯಿತು. ಜನ ಕೊನೆಗೂ ನಮ್ಮವರನ್ನು ಹೆಸರು ಹಿಡಿದು ಕೂಗಿದರು. “ಏಳೋ ಎಮ್ಮೀ!” ಎಂದು ಅದರ ಹಿಂದೆ ಸೇರಿಸಿ ಕೂಗಿದರು. ನಗು ಅಲೆ ಅಲೆಯಾಗಿ ಬಂತು. ಆವತ್ತು ಅವರ ಅಂಗಿ ಕೆಸರಾಯಿತು. ಮನೆಗೆ ಬಂದವರು ಅದನ್ನು ನನ್ನ ಕೈಗೆ ಕೊಡದೆ ತಾವೇ ತೊಳೆದುಕೊಂಡು, ಸೀದಾ ದವಾಖಾನೆಗೆ ಹೋದರು.

ಪಕ್ಕದ ಮನೆಯವರ ಮೊಣಕಾಲಿಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಆಮೇಲೆ ನಮ್ಮವರು ಕೆಲಸದಿಂದ ಬಂದರೆ ಚಪ್ಪಲಿ ಬಿಡುವುದು ಅವರ ಬಾಗಿಲಲ್ಲಿ. ಚಹಾ ಅಲ್ಲೇ. ಗೋಡೆಯ ಆಚೆಯಿಂದ ಆ ದನಿ ನನಗೆ ಕೇಳುತ್ತಿತ್ತು. ಮಾತೇನು ಎಂಬುದು ತಿಳಿಯುತ್ತಿರಲಿಲ್ಲ, ಹರಿಯುವ ಸದ್ದು ಮಾತ್ರ. ನಡುನಡುವೆ ಇಬ್ಬರೂ ನಗುತ್ತಿದ್ದರು. ನಾನು ಈ ಕಡೆ ಅಕ್ಕಿ ಆರಿಸುತ್ತ, ಕಲ್ಲು ಸಿಕ್ಕಾಗ ಬೇಕೆಂದೇ ಜೋರಾಗಿ ತಟ್ಟೆಗೆ ಬಡಿದು ಹಾಕುತ್ತಿದ್ದೆ.

ಒಂದು ಸಂಜೆ ಭಾಬಿ ಹಿತ್ತಲ ಬಾಗಿಲಿನಿಂದ ಬಂದಳು. ನನ್ನ ಒಲೆಯ ಮುಂದೆ ಕುಳಿತು, “ಅಕ್ಕಾ, ನಿಮ್ಮವರನ್ನ ಸ್ವಲ್ಪ ಈ ಕಡೆ ಕರ್ಕೋರಿ” ಅಂದಳು.

“ಯಾಕ, ಏನಾತು?”

“ಏನಾಗಬೇಕು! ನನ್ನ ಮನ್ಯಾಗ ನನಗ ಕೂಡ್ಲಿಕ್ಕೆ ಜಾಗಾ ಇಲ್ಲ. ಇವರ ಬಾಯಾಗ ದಿನಾ ನಿಮ್ಮವರ ಮಾತೇ. ಅಣ್ಣಾ ಹಿಂಗಂದ್ರು, ಅಣ್ಣಾ ಹಂಗಂದ್ರು. ಕಾಲು ಚೊಲೋ ಇದ್ದಾಗೂ ಇದೇ ಹಾಡು. ‘ನಾ ಓಡೂದೇನ್ ದೊಡ್ಡದು, ಓಡು ಅನ್ನೂದು ಅಣ್ಣಾ’ ಅಂತಿದ್ರು. ಅದಕ್ಕ ಅವತ್ತ ನಳದ ಹತ್ರ ನೀವು ತಲಿ ತಲಿ ಅಂದಾಗ ನನಗ ಮೈ ಉರೀತು. ಮನ್ಯಾಗೂ ಅದ, ಹೊರಗೂ ಅದ. ನನ್ನ ಮಾತು ಒಂದಿನಾ ಹಿಂಗ ಕೇಳ್ಯಾರೇನ್ ಇವ್ರು?”

 ಇಷ್ಟು ದಿನ ಅವಳ ಬಾಗಿಲ ಮಾಲೆಯನ್ನು ನೋಡಿ ನಾನು ಉರಿದರೆ, ಅವಳು ನನ್ನ ಗಂಡನ ತಲೆ ನೆನೆದು ಉರಿಯುತ್ತಿದ್ದಳು. ನನಗೆ ನಗು ಬಂತು, ಅವಳಿಗೂ ಬಂತು. ನಕ್ಕು ಮುಗಿದ ಮೇಲೂ ಗೋಡೆಯ ಆಚೆ ಅವರಿಬ್ಬರ ಮಾತು ನಡೆದೇ ಇತ್ತು, ಮತ್ತೆ ಇಬ್ಬರ ಮುಖವೂ ಸಪ್ಪಗಾಯಿತು.

ಮೊಣಕಾಲು ನೆಟ್ಟಗಾಯಿತು, ಆದರೆ ಮೊದಲಿನ ಓಟ ಬರಲಿಲ್ಲ. ಏಣಿ ಹತ್ತಿ ಇಳಿಯುವ ಕೆಲಸ ಬೇಡವೆನಿಸಿ ಅವರು ಗಿರಣಿ ಬಿಟ್ಟು ಹಳಿಯಾಳಕ್ಕೆ ಹೋದರು. ಅಲ್ಲಿ ಅವರ ಸ್ವಂತ ಅಣ್ಣನ ಮೋಟಾರು ಗ್ಯಾರೇಜು ಇತ್ತು. ಹೋಗುವ ದಿನ ಭಾಬಿ ಅತ್ತಳು, ನಾನೂ ಅತ್ತೆ. ಗಂಡಸರು ಟ್ರಂಕನ್ನು ಲಾರಿಗೆ ಹೇಗೆ ಏರಿಸಬೇಕೆಂದು ವಾದಿಸುತ್ತಿದ್ದರು.

ನಮ್ಮವರು ಆ ಮೇಲೆ ಒಂದೆರಡು ಪಂದ್ಯ ಆಡಿ ಬಿಟ್ಟರು. ಯಾಕೆಂದು ಕೇಳಿದರೆ, “ಹೊಸಾಬರಿಗೆ ಹೇಳಿದ್ದು ತಿಳಿಯೂದಿಲ್ಲ” ಅಂದರು. ಭಾನುವಾರ ಬಂತೆಂದರೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಹಳಿಯಾಳದ ಬಸ್ಸು ಹತ್ತುತ್ತಿದ್ದರು. ಬೇರೆ ಹೆಂಗಸರ ಗಂಡಂದಿರು ಭಾನುವಾರ ಎಲ್ಲೆಲ್ಲಿಗೋ ಹೋಗುತ್ತಿದ್ದರು, ಆ ಹೆಂಗಸರಾದರೂ ಜಗಳ ತೆಗೆಯಬಹುದಿತ್ತು. ಗೆಳೆಯನ ಗ್ಯಾರೇಜಿನ ಬಾಗಿಲಲ್ಲಿ ಕೂತು ಬರುವವರ ಜೊತೆ ಏನೆಂದು ಜಗಳಾಡುವುದು?

ಒಂದು ಭಾನುವಾರ ನಾನೂ ಸೀರೆ ಉಟ್ಟು ಹೊರಟು ನಿಂತೆ. ಅವರು ಬೇಡ ಅನ್ನಲಿಲ್ಲ. ಬಸ್ಸಿನಲ್ಲಿ, ಕಿಟಕಿಯ ಹೊರಗೆ ತೇಗದ ಮರಗಳು ಹಿಂದೆ ಸರಿಯುವಾಗ, ಧೈರ್ಯ ಮಾಡಿ ಕೇಳಿದೆ. “ಒಂದು ಕೇಳ್ತೇನ್ರಿ. ಅವರ ಜೋಡಿ ಅಷ್ಟ್ ಮಾತಾಡ್ತೀರಿ. ನನ್ನ ಜೋಡಿ ಯಾಕ ಇಲ್ಲ?”

ಅವರಿಗೆ ಆಶ್ಚರ್ಯವಾಯಿತು. ನಿಜವಾಗಿಯೂ ಆಶ್ಚರ್ಯ. ಮುಂದಿನ ಸೀಟಿನ ಕಬ್ಬಿಣದ ಸರಳು ಹಿಡಿದುಕೊಂಡು, “ಅಂವಗ ಹೇಳಬೇಕಾಗ್ತಿತ್ತು” ಅಂದರು. “ನಿನಗೇನ್ ಹೇಳೂದು? ನಾ ಅನ್ನೂಕಿಂತ ಮೊದಲ ನೀ ಅಲ್ಲಿ ಹೋಗಿ ನಿಂತಿರ್ತಿ.”

ಅದು ಹೊಗಳಿಕೆಯೆಂದು ಈಗ ಅನ್ನಿಸುತ್ತದೆ. ಫುಲ್ ಬ್ಯಾಕ್ ಒಬ್ಬ ಇನ್ನೊಬ್ಬನಿಗೆ ಕೊಡಬಹುದಾದ ದೊಡ್ಡ ಹೊಗಳಿಕೆಯೇ ಇರಬಹುದು. ಆವತ್ತು ಮಾತ್ರ ನನಗೆ ಸಮಾಧಾನವಾಗಲಿಲ್ಲ. ಮೊದಲೇ ಹೋಗಿ ನಿಂತದ್ದಕ್ಕೆ ಮಾತಿಲ್ಲ, ತಡವಾಗಿ ಓಡಿ ಬಂದವರಿಗೆ ‘ನನ್ ರಾಜಾ’ ಎಂದರೆ, ಬುದ್ಧಿ ಇಟ್ಟುಕೊಂಡು ನಾನು ಪಡೆದದ್ದೇನು? ಹಾಗೆ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಹಳಿಯಾಳ ಬಂತು.

ಗ್ಯಾರೇಜಿನ ಹಿಂದೆಯೇ ಭಾಬಿಯ ಮನೆ. ನನ್ನನ್ನು ಕಂಡು ಅವಳು ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡಳು. ಗಂಡಸರು ಹೊರಗೆ ಹಳೆಯ ಟಾಯರುಗಳ ಮೇಲೆ ಕುಳಿತು ಶುರು ಮಾಡಿದರು. ನಾನು ಚಹಾ ಕೊಡುವ ನೆಪದಲ್ಲಿ ಬಾಗಿಲಿಗೆ ಹೋಗಿ ನಿಂತೆ. ಇವತ್ತಾದರೂ ಕೇಳಬೇಕು, ಅದೇನು ಅಷ್ಟು ಮುಗಿಯದ ಮಾತು ಎಂದು. ನನ್ನನ್ನು ನೋಡಿ ಇಬ್ಬರೂ ಸುಮ್ಮನಾದರು. ಕಪ್ಪು ತೆಗೆದುಕೊಂಡರು. ಪಕ್ಕದ ಮನೆಯವರು ಮರ್ಯಾದೆಯಿಂದ, “ಆರಾಮ ಅದೀರೇನ್ರಿ ಅಕ್ಕಾವ್ರ?” ಎಂದು ಕೇಳಿದರು. ಆರಾಮ ಇದ್ದೇನೆ ಅಂದೆ. ತಿರುಗಿ ಹೊಸಿಲು ದಾಟುವ ಮೊದಲೇ ಹಿಂದಿನಿಂದ ನಮ್ಮವರ ದನಿ ಮತ್ತೆ ಹರಿಯತೊಡಗಿತು.

“ಏನಂತಾರ್ರಿ?” ಎಂದು ಭಾಬಿ ಒಲೆಯ ಮುಂದಿನಿಂದ ಕೇಳಿದಳು.

“ಏನೂ ಕೇಳಸಲಿಲ್ಲ” ಅಂದೆ.

ಅವಳು ಇನ್ನೊಂದು ಮಣೆ ನನ್ನ ಕಡೆ ಸರಿಸಿದಳು. ಇಬ್ಬರೂ ಕುಳಿತು ರೊಟ್ಟಿ ಬಡಿಯತೊಡಗಿದೆವು, ಹೊರಗಿನವರಿಗೆ ಕೇಳುವಷ್ಟು ಜೋರಾಗಿ.